ಮರದ ಹಿಡಿಯ ಮಡಚುವ ಚಾಕು ಬಿಗಿಯಾಗಿದೆ, ಏನು ಮಾಡಲಿ?

ಪ್ರಶ್ನೆ:
ನನ್ನದು ಕಾರ್ಬನ್ ಸ್ಟೀಲ್ ಅಲಗಿನ ಮಡಚುವ ಚಾಕು. ನಿಂಬೆಹಣ್ಣು ಹೆಚ್ಚಿ ನಲ್ಲಿ ಕೆಳಗೆ ಹಿಡಿದು ತೊಳೆದೆ. ಆಗಲೇ ಅಲಗಿನ ಮೇಲೆ ಬೂದು ಕಲೆಗಳು ಕಂಡವು. ಮಡಚಿಟ್ಟ ಮೇಲೆ ಅಲಗು ಹೊರಗೆ ಬರುತ್ತಲೇ ಇಲ್ಲ. ತುಂಬಾ ಇಷ್ಟದ ಚಾಕು, ಹಾಳಾಯ್ತಾ?

ಉತ್ತರ 1:
ಹಾಳಾಗಿಲ್ಲ, ಹೆದರಬೇಡಿ. ಮರ ನೀರು ಕುಡಿದು ಉಬ್ಬಿ ಅಲಗನ್ನು ಹಿಡಿದುಕೊಂಡಿದೆ, ಅಷ್ಟೇ. ಎರಡು ಮೂರು ದಿನ ನೆರಳಲ್ಲಿ ಗಾಳಿಗೆ ಬಿಡಿ. ಬಿಸಿಲಿಗೆ ಇಟ್ಟರೆ ಮರ ಬಿರುಕು ಬಿಡುತ್ತದೆ. ಲಾಕ್ ಬಳೆ (ಅಲಗು ಅಲುಗದಂತೆ ಹಿಡಿಯುವ, ತಿರುಗಿಸುವ ಲೋಹದ ಉಂಗುರ) ಇದ್ದರೆ ಮೊದಲು ಅದನ್ನು ತೆರೆದ ಕಡೆಗೆ ತಿರುಗಿಸಿ, ಆಮೇಲೆ ಹಿಡಿಯ ಹಿಂತುದಿಯನ್ನು ಗಟ್ಟಿ ಹಲಗೆಗೆ ಕುಟ್ಟಿದರೆ ಅಲಗು ಸ್ವಲ್ಪ ಹೊರಗೆ ಜಿಗಿಯುತ್ತದೆ, ಬೆರಳು ಅದರ ದಾರಿಯಲ್ಲಿ ಇರದಂತೆ ನೋಡಿಕೊಳ್ಳಿ. ಇಕ್ಕಳ ಹಾಕಿ ಎಳೆಯಲೇಬೇಡಿ.

ಉತ್ತರ 2:
ಬೂದು ಕಲೆ ಹುಳಿಯಿಂದ ಆಗಿದ್ದು, ಅದು ಇರಲಿ. ಹಾಗೇ ಬಣ್ಣ ತಿರುಗಿದ ಅಲಗಿಗೆ ತುಕ್ಕು ಸ್ವಲ್ಪ ಕಡಿಮೆಯೇ ಹಿಡಿಯುತ್ತದೆ. ಕೆಂಪು ತುಕ್ಕು ಕಂಡರೆ ಮಾತ್ರ ಎಣ್ಣೆ ಹಚ್ಚಿ ನಯವಾದ ಸ್ಟೀಲ್ ವುಲ್‌ನಲ್ಲಿ ಉಜ್ಜಿ ತೆಗೆಯಿರಿ. ಇನ್ನು ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು, ನೀರಲ್ಲಿ ಮುಳುಗಿಸೋದು ಬೇಡ.

ಉತ್ತರ 3:
ಪೂರ್ತಿ ಒಣಗಿದ ಮೇಲೆ ಹಿಡಿಗೆ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ, ಅಲಗು ಕೂರುವ ಸೀಳಿನ ಒಳಗೂ ಹಚ್ಚಿ, ಎಲ್ಲರೂ ಮರೆಯುವ ಜಾಗ ಅದೇ. ಅಲಗು ತಿರುಗುವ ಕೀಲಿಗೆ ಒಂದೇ ಹನಿ ಎಣ್ಣೆ. ಸಾಣೆಕಲ್ಲಿನ ಮೇಲೆ ಸುಮಾರು 20 ಡಿಗ್ರಿ ಕೋನದಲ್ಲಿ ಎರಡೂ ಬದಿ ಮೆಲ್ಲಗೆ ಉಜ್ಜಿ. ಕಾರ್ಬನ್ ಸ್ಟೀಲ್ ಬೇಗ ಹರಿತವಾಗುತ್ತದೆ, ಜಾಸ್ತಿ ಒತ್ತಬೇಕಿಲ್ಲ.