ಥಿಕ್ನೆಸ್ ಪ್ಲೇನರ್ ಕೊಳ್ಳುವ ಬಗ್ಗೆ ಸುಮಂತನಿಗೆ ಉತ್ತರ

ಸುಮಂತ, ಊರಿನ ಹಿತ್ತಲಲ್ಲಿ ಮಳೆಗಾಳಿಗೆ ಬಿದ್ದ ಹಲಸಿನ ಮರವನ್ನು ಹಲಗೆ ಕುಯ್ಯಿಸಿ ಮೈಸೂರಿಗೆ ತರಿಸಿಕೊಂಡಿರುವುದಾಗಿಯೂ, ಅದರಲ್ಲಿ ಊಟದ ಮೇಜು ಮಾಡಲು ಒಂದು ಪ್ಲೇನರ್ ಕೊಳ್ಳಬೇಕೆಂದಿರುವುದಾಗಿಯೂ ನಿನ್ನೆ ಗುಂಪಿನಲ್ಲಿ ಹೇಳಿದ್ದೀಯ. ಡಿಸೆಂಬರಿನಲ್ಲಿ ಅಕ್ಕ ಭಾವ ಅಮೆರಿಕದಿಂದ ಬರುವಾಗ ಡಿವಾಲ್ಟ್ ಕಂಪನಿಯ 735 ಎಂಬ ಮಾದರಿಯನ್ನು ತರಿಸಬಹುದೇ ಎಂದೂ ಕೇಳಿದ್ದೀಯ. ಒಂದೆರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲವಾದ್ದರಿಂದ ಸಾವಧಾನವಾಗಿ ಹೇಳುತ್ತೇನೆ. ಮರದ ಕೆಲಸದಲ್ಲಿ ಆಸಕ್ತಿಯಿಲ್ಲದವರು ಬೇಸರಪಡದೆ ಮುಂದೆ ಹೋಗಬಹುದು.

ಮೊದಲನೆಯದಾಗಿ, ನಮ್ಮಲ್ಲಿ ಅಂಗಡಿಗೆ ಹೋಗಿ ಪ್ಲೇನರ್ ಎಂದು ಕೇಳಿದರೆ ತೋರಿಸುವುದು ಕೈಯಲ್ಲಿ ಹಿಡಿದು ಹಲಗೆಯ ಮೇಲೆ ಓಡಿಸುವ, 82 ಮಿಲಿಮೀಟರ್ ಅಗಲದ ಸಣ್ಣ ಯಂತ್ರವನ್ನು. ನೀನು ಕೇಳುತ್ತಿರುವುದು ಥಿಕ್ನೆಸ್ ಪ್ಲೇನರ್. ಅದರಲ್ಲಿ ಯಂತ್ರ ಇದ್ದಲ್ಲೇ ಇರುತ್ತದೆ, ಹಲಗೆ ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆಯಿಂದ ಹೊರಬರುತ್ತದೆ. ಕಬ್ಬಿನ ಹಾಲಿನ ಯಂತ್ರ ಕಬ್ಬನ್ನು ಎಳೆದುಕೊಳ್ಳುವಂತೆ ಎರಡು ರಬ್ಬರ್ ರೋಲರುಗಳು ಹಲಗೆಯನ್ನು ಎಳೆದುಕೊಳ್ಳುತ್ತವೆ, ಅವೆರಡರ ನಡುವೆ ಬ್ಲೇಡು ಕೂರಿಸಿದ ಉರುಳೆಯು ತಿರುಗುತ್ತಾ ಮೇಲ್ಮೈಯನ್ನು ಕೆತ್ತುತ್ತದೆ.

ಕೊಳ್ಳುವ ಮೊದಲೇ ತಿಳಿದಿರಬೇಕಾದ ಮುಖ್ಯ ಸಂಗತಿಯೆಂದರೆ, ಈ ಯಂತ್ರ ಹಲಗೆಯ ದಪ್ಪವನ್ನು ಒಂದೇ ಸಮನಾಗಿಸುತ್ತದೆಯೇ ಹೊರತು ಸೊಟ್ಟ ಹಲಗೆಯನ್ನು ನೇರ ಮಾಡುವುದಿಲ್ಲ. ಬಾಗಿದ ಹಲಗೆಯನ್ನು ಒಳಗೆ ಬಿಟ್ಟರೆ ರೋಲರುಗಳು ಅದನ್ನು ಕೆಳಗಿನ ತಟ್ಟೆಗೆ ಒತ್ತಿ ಹಿಡಿಯುತ್ತವೆ, ಬ್ಲೇಡು ಆ ಒತ್ತಿದ ಸ್ಥಿತಿಯಲ್ಲಿಯೇ ಕೆತ್ತುತ್ತದೆ, ಹೊರಬಂದ ಕೂಡಲೇ ಹಲಗೆ ಮೊದಲಿನಂತೆಯೇ ಬಾಗಿಕೊಳ್ಳುತ್ತದೆ. ಕೊನೆಗೆ ನಿನ್ನ ಕೈಯಲ್ಲಿ ಉಳಿಯುವುದು ನುಣುಪಾದ, ತೆಳ್ಳಗಾದ, ಅಷ್ಟೇ ಸೊಟ್ಟಗಿರುವ ಹಲಗೆ. ಆದ್ದರಿಂದ ಮೊದಲು ಒಂದು ಮುಖವನ್ನು ಬೇರೆ ರೀತಿಯಲ್ಲಿ ಸಮತಟ್ಟು ಮಾಡಿಕೊಳ್ಳಲೇಬೇಕು. ಅದಕ್ಕೆಂದೇ ಇರುವ ಸರ್ಫೇಸ್ ಪ್ಲೇನರ್ ಎಂಬ ಇನ್ನೊಂದು ಯಂತ್ರಕ್ಕೂ ಮನೆಯ ಶೆಡ್ಡಿನಲ್ಲಿ ಜಾಗವಿಲ್ಲವೆಂದಾದರೆ ಅದಕ್ಕೊಂದು ಸರಳ ಉಪಾಯವಿದೆ. ಹಲಗೆಗಿಂತ ಸ್ವಲ್ಪ ಉದ್ದವಾದ, 18 ಮಿಲಿಮೀಟರ್ ಪ್ಲೈವುಡ್ಡಿನ ನೇರವಾದ ತುಂಡೊಂದರ ಮೇಲೆ ಹಲಗೆಯನ್ನು ಮಲಗಿಸಿ, ಎಲ್ಲೆಲ್ಲಿ ಅಲ್ಲಾಡುತ್ತದೆಯೋ ಅಲ್ಲಲ್ಲಿ ತೆಳುವಾದ ಬೆಣೆಗಳನ್ನು ತೂರಿಸಿ ಬಿಸಿ ಅಂಟಿನಿಂದ ಹಿಡಿಸು. ಮುಂತುದಿಯಲ್ಲಿ ಹಲಗೆ ಜಾರದಂತೆ ಒಂದು ರೀಪಿನ ತುಂಡನ್ನು ಅಂಟಿಸು. ಅದು ಹಲಗೆಯ ಮೇಲ್ಮೈಗಿಂತ ಸಾಕಷ್ಟು ತಗ್ಗಿನಲ್ಲಿರಲಿ, ಅದಕ್ಕೆ ಮೊಳೆಯಾಗಲಿ ಸ್ಕ್ರೂ ಆಗಲಿ ಬೇಡ. ಈಗ ಪ್ಲೈವುಡ್ಡಿನ ಸಮೇತ ಒಳಗೆ ಬಿಟ್ಟರೆ ಹಲಗೆ ಒತ್ತಿಸಿಕೊಳ್ಳಲು ಅವಕಾಶವೇ ಇರುವುದಿಲ್ಲ, ಎತ್ತರದ ಜಾಗಗಳಷ್ಟೇ ಕೆತ್ತಿಹೋಗುತ್ತವೆ. ಮೇಲ್ಮೈಯ ಮೇಲೆ ಪೆನ್ಸಿಲಿನಲ್ಲಿ ಅಡ್ಡಾದಿಡ್ಡಿ ಗೀಚಿಟ್ಟುಕೊಂಡರೆ, ಗೀಚು ಎಲ್ಲಿ ಉಳಿದಿದೆಯೋ ಅಲ್ಲಿಗೆ ಬ್ಲೇಡು ಇನ್ನೂ ತಾಗಿಲ್ಲವೆಂದು ತಿಳಿಯುತ್ತದೆ. ಗೀಚೆಲ್ಲ ಮಾಯವಾದ ಮೇಲೆ ಪ್ಲೈವುಡ್ಡನ್ನು ಬಿಡಿಸಿ, ಹಲಗೆಯನ್ನು ಮಗುಚಿ ಹಾಕಿ, ಎರಡನೆಯ ಮುಖವನ್ನು ನೇರವಾಗಿ ಬಿಡಬಹುದು. ಕೈ ಹತ್ತರಿ ಬಳಸಲು ಬರುವವರು ತೀರಾ ಎದ್ದುನಿಂತ ಮೂಲೆಗಳನ್ನು ಮೊದಲೇ ಕೆತ್ತಿಕೊಂಡರೆ ಈ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇನ್ನು ಯಾವ ಯಂತ್ರ ಎನ್ನುವ ಪ್ರಶ್ನೆ. ಅಮೆರಿಕದಿಂದ ತರಿಸುವ ಆಲೋಚನೆಯನ್ನು ಕೈಬಿಡು. ಡಿವಾಲ್ಟ್ 735 ಒಳ್ಳೆಯ ಯಂತ್ರವೆನ್ನುವುದರಲ್ಲಿ ನನಗೆ ಸಂಶಯವಿಲ್ಲ, ಆದರೆ ಅದರ ತೂಕ ಸುಮಾರು 42 ಕಿಲೋ. ವಿಮಾನದಲ್ಲಿ ಒಂದು ಪೆಟ್ಟಿಗೆಗೆ ಸಾಮಾನ್ಯವಾಗಿ 23 ಕಿಲೋ, ಹೆಚ್ಚೆಂದರೆ 32 ಕಿಲೋ. ಅದಕ್ಕಿಂತ ಮುಖ್ಯವಾಗಿ ಅದು 120 ವೋಲ್ಟಿನಲ್ಲಿ 15 ಆಂಪಿಯರ್ ಎಳೆಯುವ ಯಂತ್ರವಾದ್ದರಿಂದ ನಮ್ಮ 230 ವೋಲ್ಟಿಗೆ ಕನಿಷ್ಠ 3 ಕೆವಿಎ ಸಾಮರ್ಥ್ಯದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೇ ಇನ್ನೊಂದು ಹೊರೆ. ಭಾವನವರಿಗೆ ಈ ಸಂಕಟ ಕೊಡುವುದು ಬೇಡ. ಮಕೀಟಾ 2012ಎನ್‌ಬಿ ಎಂಬುದು 230 ವೋಲ್ಟಿನಲ್ಲಿಯೂ ಬರುತ್ತದೆ, 1650 ವ್ಯಾಟಿನದು, ತೂಕ ಸುಮಾರು 28 ಕಿಲೋ, ಒಬ್ಬರೇ ಎತ್ತಿ ಬದಿಗಿಡಬಹುದು. ಯಾವುದನ್ನು ಕೊಂಡರೂ ಆರು ಆಂಪಿಯರಿನ ಸಾಮಾನ್ಯ ಪ್ಲಗ್ಗಿಗೆ ಹಾಕಬೇಡ. ಗೀಸರಿಗೆ ಕೊಡುವಂಥ 16 ಆಂಪಿಯರಿನ ಸಾಕೆಟ್ಟು, ಅದಕ್ಕೆ ತಕ್ಕ ದಪ್ಪದ ವೈರು ಶೆಡ್ಡಿನಲ್ಲಿ ಇರಬೇಕು.

ಜಾಹೀರಾತುಗಳಲ್ಲಿ ಒಂದು ಇಂಚಿಗೆ ಎಷ್ಟು ಕೆತ್ತು ಎಂದು ದೊಡ್ಡದಾಗಿ ಹೇಳುತ್ತಾರೆ, ಕೆತ್ತು ಹೆಚ್ಚಿದಷ್ಟೂ ಮೇಲ್ಮೈ ನುಣುಪು ಎಂದರ್ಥ. ಅದರ ಲೆಕ್ಕ ಸುಲಭವಾಗಿದೆ: 735ರ ಉರುಳೆ ನಿಮಿಷಕ್ಕೆ 10,000 ಸುತ್ತು ತಿರುಗುತ್ತದೆ, ಮೂರು ಬ್ಲೇಡುಗಳಿವೆ, ಅಂದರೆ ನಿಮಿಷಕ್ಕೆ 30,000 ಕೆತ್ತು, ನಿಧಾನದ ಗತಿಯಲ್ಲಿ ಹಲಗೆ ನಿಮಿಷಕ್ಕೆ 14 ಅಡಿ ಸಾಗುವುದರಿಂದ ಇಂಚಿಗೆ 179 ಕೆತ್ತು ಬೀಳುತ್ತದೆ. ಮಕೀಟಾದಲ್ಲಿ ಎರಡೇ ಬ್ಲೇಡು, 8,500 ಸುತ್ತು, ಹಲಗೆ ಸಾಗುವ ವೇಗ ನಿಮಿಷಕ್ಕೆ 8.5 ಮೀಟರ್, ಹಾಗಾಗಿ ಇಂಚಿಗೆ ಸುಮಾರು 50. ಕಾಗದದ ಮೇಲೆ ವ್ಯತ್ಯಾಸ ದೊಡ್ಡದಾಗಿ ಕಂಡರೂ ಪಾಲಿಷ್ ಮಾಡುವ ಮೊದಲು ಮರಳುಕಾಗದ ಉಜ್ಜುವುದು ಹೇಗೂ ತಪ್ಪುವುದಿಲ್ಲವಾದ್ದರಿಂದ ನನ್ನ ಮಟ್ಟಿಗೆ ಅದು ನಿರ್ಣಾಯಕವಲ್ಲ. ಅಗಲವೂ ಅಷ್ಟೇ. ಹನ್ನೆರಡು ಇಂಚು ಸಾಕು, ಏಕೆಂದರೆ ಮೇಜಿನ ಮೇಲ್ಭಾಗವನ್ನು ನಾಲ್ಕಾರು ಇಂಚಿನ ಪಟ್ಟಿಗಳನ್ನು ಜೋಡಿಸಿಯೇ ಮಾಡುತ್ತೇವೆ. ಬದಲಿ ಬ್ಲೇಡು ನಿನ್ನೂರಿನಲ್ಲಿ ಸಿಗುತ್ತದೆಯೇ, ಕೆಟ್ಟರೆ ರಿಪೇರಿ ಮಾಡುವವರಿದ್ದಾರೆಯೇ ಎಂಬುದನ್ನು ಇವೆಲ್ಲಕ್ಕಿಂತ ಮೊದಲು ವಿಚಾರಿಸು. ಕಾರ್ಬೈಡ್ ಎಂಬ ಬಲು ಗಡಸು ವಸ್ತುವಿನ ಸಣ್ಣ ಚೌಕಾಕಾರದ ತುಂಡುಗಳನ್ನು ಸುರುಳಿಯಾಗಿ ಕೂರಿಸಿದ ಉರುಳೆಗಳೂ ಇವೆ. ಸದ್ದು ಕಡಿಮೆ, ಮೊಂಡಾದ ತುಂಡನ್ನು ತಿರುಗಿಸಿದರೆ ಹೊಸ ಅಂಚು ಸಿಗುತ್ತದೆ, ಆದರೆ ಬೆಲೆ ಹೆಚ್ಚು. ಒಂದು ಮೇಜಿಗೆ ಅದು ಅತಿಯಾಯಿತು.

ಬಳಸುವಾಗ ದುರಾಸೆ ಬೇಡ. ಹಲಸಿನಲ್ಲಿ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಹೆಚ್ಚು ಆಳವಾಗಿ ಕೆತ್ತಿದರೆ ಮೇಲ್ಮೈ ಚಿಂದಿ ಕಿತ್ತಂತೆ ಬರುತ್ತದೆ. ಒಂದು ಸಲಕ್ಕೆ ಅರ್ಧ ಮಿಲಿಮೀಟರ್ ಸಾಕು, ಕೊನೆಯ ಒಂದೆರಡು ಸುತ್ತು ಅದಕ್ಕೂ ಕಡಿಮೆ. ಕಿತ್ತು ಬರುತ್ತಿದ್ದರೆ ಹಲಗೆಯ ತುದಿಯನ್ನು ಅದಲುಬದಲು ಮಾಡಿ ಬಿಟ್ಟು ನೋಡು. ಮೋಟಾರಿನ ಸ್ವರ ಕುಗ್ಗಿ, ಹಳದಿ ಸುರುಳಿಯಾಗಿ ಬರುತ್ತಿದ್ದ ಹೊಟ್ಟು ಪುಡಿಯಾಗಿ ಬರತೊಡಗಿದರೆ ಬ್ಲೇಡು ಮೊಂಡಾಗಿದೆ ಎಂದೇ ತಿಳಿ. ತೇಗದಲ್ಲಿ ಸಿಲಿಕಾ ಇರುವುದರಿಂದ ಅದು ಇನ್ನೂ ಬೇಗ ಮೊಂಡು ಮಾಡುತ್ತದೆ.

ಹಲಗೆಯ ಎರಡು ತುದಿಗಳಲ್ಲಿ ಎರಡು ಮೂರು ಇಂಚಿನಷ್ಟು ಜಾಗ ಒಂದಿಷ್ಟು ಹೆಚ್ಚು ಕೆತ್ತಿಹೋಗುತ್ತದೆ. ಆ ಹೊತ್ತಿನಲ್ಲಿ ಒಂದೇ ರೋಲರ್ ಹಿಡಿದಿರುವುದರಿಂದ ತುದಿ ಮೇಲಕ್ಕೆದ್ದು ಬ್ಲೇಡಿಗೆ ತಗಲುವುದೇ ಇದಕ್ಕೆ ಕಾರಣ. ಒಳಹೋಗುವಾಗಲೂ ಹೊರಬರುವಾಗಲೂ ಹಲಗೆಯ ಹೊರತುದಿಯನ್ನು ಕೈಯಿಂದ ಕೊಂಚ ಮೇಲಕ್ಕೆತ್ತಿ ಹಿಡಿದರೆ ಬಹುಮಟ್ಟಿಗೆ ತಪ್ಪುತ್ತದೆ, ಪೂರ್ತಿ ತಪ್ಪುತ್ತದೆಂದು ಹೇಳಲಾರೆ. ಅದಕ್ಕೇ ಪಟ್ಟಿಗಳನ್ನು ಈಗಲೇ ಅಳತೆಗೆ ಕತ್ತರಿಸದೆ ಎರಡೂ ಕಡೆ ನಾಲ್ಕು ನಾಲ್ಕು ಇಂಚು ಹೆಚ್ಚಿಗೆ ಉಳಿಸಿಕೋ. ಒಂದು ಅಡಿಗಿಂತ ಗಿಡ್ಡ ತುಂಡನ್ನು ಮಾತ್ರ ಒಳಗೆ ಬಿಡಲೇಬೇಡ, ಅದು ಎರಡು ರೋಲರುಗಳ ನಡುವೆ ಸಿಕ್ಕಿ ಹಿಂದಕ್ಕೆ ಸಿಡಿಯಬಹುದು. ಹಲಗೆ ಒಳಹೋಗುವಾಗ ಅದರ ನೇರಕ್ಕೆ ನಿಲ್ಲದೆ ಪಕ್ಕದಲ್ಲಿ ನಿಲ್ಲು, ಬಗ್ಗಿ ಬಾಯೊಳಗೆ ಇಣುಕಬೇಡ, ಪಂಚೆ ಉಟ್ಟು ಕೆಲಸ ಮಾಡಬೇಡ, ಕೈಗವಸು ಬೇಡ, ಬ್ಲೇಡು ಮುಟ್ಟುವ ಮೊದಲು ಪ್ಲಗ್ಗು ಕೀಳು.

ಇದರ ಜೊತೆಗೆ ಹೊಟ್ಟಿನ ವ್ಯವಸ್ಥೆಯನ್ನೂ ಮಾಡಿಕೊಳ್ಳಬೇಕು. ಅರ್ಧ ಗಂಟೆಯಲ್ಲಿ ಗೋಣಿಚೀಲ ತುಂಬುವಷ್ಟು ಹೊಟ್ಟು ಬರುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ತಡೆಯುವುದಿಲ್ಲ, ಹೊಟ್ಟು ಬೀಳಲು ಪ್ಲೇನರಿಗೂ ಅದಕ್ಕೂ ನಡುವೆ ಮುಚ್ಚಳದ ಡ್ರಮ್ಮೊಂದನ್ನು ಇಟ್ಟುಕೊಳ್ಳಬೇಕು. ಹೊಟ್ಟನ್ನು ಎಳೆಯದೆ ಬಿಟ್ಟರೆ ರೋಲರಿನಡಿ ಸಿಕ್ಕಿ ಹಲಗೆಯ ಮೇಲೆ ಗುಳಿ ಬೀಳಿಸುತ್ತದೆ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಆದ್ದರಿಂದ ಎನ್‌95 ಮಾಸ್ಕು ಕಡ್ಡಾಯ. ಸದ್ದಿಗೆ ಕಿವಿಮುಚ್ಚಿಗೆಯೂ ಬೇಕು. ಪಕ್ಕದ ಮನೆಯವರಿಗೆ ಮಧ್ಯಾಹ್ನದ ನಿದ್ದೆ ಬೇಕಿರುತ್ತದೆ ಎಂಬುದನ್ನೂ ಮರೆಯಬೇಡ.

ನಿನ್ನ ಹಲಗೆಗಳ ವಿಷಯದಲ್ಲಿ ಒಂದು ಅನುಮಾನವಿದೆ. ಮರ ಬಿದ್ದದ್ದು ಕಳೆದ ಮಳೆಗಾಲದಲ್ಲಿ, ದಪ್ಪದ ಪ್ರತಿ ಇಂಚಿಗೆ ಒಂದು ವರ್ಷ ಒಣಗಬೇಕೆಂಬುದು ರೂಢಿಯ ಲೆಕ್ಕ. ಹಸಿ ಹಲಗೆಯನ್ನು ಈಗ ಕೆತ್ತಿದರೆ ಒಂದು ತಿಂಗಳಲ್ಲಿ ಮತ್ತೆ ತಿರುಚಿಕೊಳ್ಳುತ್ತದೆ. ತೇವ ಅಳೆಯುವ ಸಣ್ಣ ಮೀಟರೊಂದನ್ನು ಪ್ಲೇನರಿಗಿಂತ ಮೊದಲು ಕೊಂಡು, ಹಲಗೆಯ ತುದಿಯಲ್ಲಲ್ಲ, ನಡುಭಾಗದಲ್ಲಿ ಚುಚ್ಚಿ ನೋಡು. ಶೇಕಡ 12ರ ಆಸುಪಾಸಿಗೆ ಬರುವ ತನಕ ನಡುನಡುವೆ ಒಂದೇ ದಪ್ಪದ ರೀಪು ಕೊಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿಡು. ಕೆತ್ತುವಾಗಲೂ ಎರಡೂ ಮುಖಗಳಿಂದ ಸರಿಸುಮಾರು ಸಮವಾಗಿ ತೆಗೆ. ಹಲಗೆಗಳು ಎಷ್ಟು ಇಂಚು ದಪ್ಪ ಕುಯ್ದಿದ್ದಾರೆ, ಮೀಟರು ಎಷ್ಟು ತೋರಿಸಿತು ಎಂಬುದನ್ನು ಗುಂಪಿನಲ್ಲಿ ತಿಳಿಸಿದರೆ, ಮೇಜಿಗೆ ಎಷ್ಟು ದಪ್ಪ ಉಳಿಯಬಹುದೆಂದು ಲೆಕ್ಕ ಹಾಕಿ ಹೇಳುತ್ತೇನೆ.