ಹಣದುಬ್ಬರ ಇಳಿದ್ರೂ ದಿನಸಿ ಬಿಲ್ ಯಾಕೆ ಇಳೀತಿಲ್ಲ

ಸುಮಾ, ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ಯಲ್ಲ, "2025ರ ಅಕ್ಟೋಬರ್ ಹಣದುಬ್ಬರ ಬರೀ 0.25 ಪರ್ಸೆಂಟ್ ಅಂತೆ, ಮತ್ತೆ ನಮ್ಮ ದಿನಸಿ ಬಿಲ್ ಯಾಕತ್ತೆ ಇಳೀತಿಲ್ಲ" ಅಂತ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಬಾಯಲ್ಲೇ ಹೇಳ್ತೀನಿ. ಪೆನ್ನು ಹಿಡ್ಕೊಂಡು ಕೂತ್ಕೋ.

0.25 ಅಂದ್ರೆ ಬೆಲೆ ಇಳೀತು ಅಂತ ಅಲ್ಲ ಕಣೇ. ಹೋದ ಅಕ್ಟೋಬರ್‌ಗಿಂತ ಅಷ್ಟು ಏರಿದೆ ಅಂತ. ಆದ್ರೆ ಆ ಹೋದ ಅಕ್ಟೋಬರೇ, ಅಂದ್ರೆ 2024ರದ್ದು, 6.21 ಪರ್ಸೆಂಟ್ ಏರಿ ಕೂತಿತ್ತು. ತರಕಾರಿನೇ ನೋಡು. 2023ರ ಅಕ್ಟೋಬರ್‌ನಲ್ಲಿ 100 ರೂಪಾಯಿಗೆ ಬರ್ತಿದ್ದ ಒಂದು ಚೀಲ, 2024ಕ್ಕೆ 42.18 ಪರ್ಸೆಂಟ್ ಏರಿ 142 ಆಯ್ತು. 2025ಕ್ಕೆ 27.57 ಪರ್ಸೆಂಟ್ ಇಳೀತು. ಆ ಇಳಿಕೆ ಕಳೀಬೇಕಾಗಿರೋದು 100ರಲ್ಲಿ ಅಲ್ಲ, 142ರಲ್ಲಿ. ಕಳೆದ್ರೆ ಉಳಿಯೋದು 103. ಪೇಪರ್‌ನಲ್ಲಿ ಭಾರಿ ಇಳಿಕೆ, ಚೀಲದಲ್ಲಿ ಎರಡು ವರ್ಷದ ಹಿಂದಿನ ರೇಟು, ಮೇಲೆ ಇನ್ನೂ ಮೂರು ರೂಪಾಯಿ.

ಇದು ಇಡೀ ದೇಶದ ಸರಾಸರಿ ಬೇರೆ. ಆಗಿನ ಆ ಲೆಕ್ಕದಲ್ಲಿ ಊಟ ತಿಂಡಿ ಪಾಲು ಹತ್ತಿರ ಹತ್ತಿರ 46 ಪರ್ಸೆಂಟ್ ಇತ್ತು, ವಸತಿಗೆ ಬರೀ 10. ಬೆಂಗಳೂರಲ್ಲಿ ಬಾಡಿಗೆಗೆ ಇರೋರಿಗೆ ಸಂಬಳದ ಹತ್ತನೇ ಒಂದು ಪಾಲಲ್ಲಿ ಬಾಡಿಗೆ ಮುಗಿಯುತ್ತಾ? ತರಕಾರಿ ಇಳಿದ್ರೆ ದೇಶದ ಲೆಕ್ಕ ಧಡಕ್ಕಂತ ಇಳಿಯುತ್ತೆ, ನಿಂದು ಅಷ್ಟು ಇಳಿಯಲ್ಲ.

ಈಗ ಮನೆ ವಿಷಯ. ಪ್ಯಾಕೆಟ್ ಬೆಲೆ ಬಿಡು, ಲೀಟರ್‌ಗೆ ಎಷ್ಟು, ಕೆಜಿಗೆ ಎಷ್ಟು ಅಂತ ನೋಡು. ನಂದಿನಿ ಹಾಲಿನ ಒಂದು ಲೀಟರ್ ನೀಲಿ ಪ್ಯಾಕೆಟ್ 2024ರ ಜೂನ್‌ನಲ್ಲಿ 42ರಿಂದ 44 ಆಯ್ತು, ಆದ್ರೆ ಜೊತೆಗೆ 50 ಎಂಎಲ್ ಜಾಸ್ತಿ ಕೊಟ್ರು. ಲೀಟರ್‌ಗೆ 41.90 ಬಿತ್ತು, ಏರಿದ್ದೇ ಇಲ್ಲ ಅನ್ನು. 2025ರ ಏಪ್ರಿಲ್‌ನಲ್ಲಿ ಆ 50 ಎಂಎಲ್ ತೆಗೆದು 46 ಮಾಡಿದ್ರು. ಪ್ಯಾಕೆಟ್ ಮೇಲೆ ಕಾಣೋದು ಎರಡೇ ರೂಪಾಯಿ, ಲೀಟರ್‌ಗೆ ಏರಿದ್ದು ನಾಲ್ಕು ರೂಪಾಯಿ ಹತ್ತು ಪೈಸೆ. ದಿನಕ್ಕೆ ಎರಡು ಲೀಟರ್ ತರಿಸೋ ಮನೆಗೆ ತಿಂಗಳಿಗೆ ಸುಮಾರು 245 ರೂಪಾಯಿ.

ಎಣ್ಣೆನಲ್ಲಿ ಇನ್ನೂ ಮೋಸ ಹೋಗ್ತೀವಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ. ಕೆಲವು ಪ್ಯಾಕೆಟ್ ನೋಡೋಕೆ ಲೀಟರ್ ಥರಾನೇ, ಮೂಲೇಲಿ ಸಣ್ಣಕ್ಷರದಲ್ಲಿ 850, 800 ಗ್ರಾಂ ಅಂತಿರುತ್ತೆ. 910 ಗ್ರಾಂ 150 ರೂಪಾಯಿ ಅಂತಿಟ್ಕೋ, ಆ ಲೆಕ್ಕಕ್ಕೆ 800 ಗ್ರಾಂಗೆ 132 ಇರ್ಬೇಕು. 140ಕ್ಕೆ ಕೊಟ್ರೆ "ಹತ್ತು ರೂಪಾಯಿ ಕಮ್ಮಿ" ಅಂತ ತಗೊಂಡು ಎಂಟು ರೂಪಾಯಿ ಜಾಸ್ತಿ ಕೊಟ್ಟ ಹಾಗೆ. ಎಂಆರ್‌ಪಿ ಪಕ್ಕದಲ್ಲಿ ಗ್ರಾಂಗೋ ಕೆಜಿಗೋ ಎಷ್ಟು ಅಂತ ಪ್ರಿಂಟ್ ಆಗಿರುತ್ತೆ, ಅದನ್ನ ಓದು.

ಅಕ್ಕಿ ಮೂಟೆನೂ ಹಂಗೇ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಅಕ್ಕಿಗೆ ಮಾತ್ರ 5 ಪರ್ಸೆಂಟ್ ಜಿಎಸ್‌ಟಿ ಬಂತು ನೋಡು, ಆಮೇಲೆ ಅಂಗಡಿಗೆ 26 ಕೆಜಿ ಮೂಟೆ ಬಂದಿದ್ದು. 25ರ ಮೂಟೆ 1525, 26ರದ್ದು 1560 ಅಂದ್ರೆ ಎರಡನೇದೇ ಅಗ್ಗ, ಕೆಜಿಗೆ 60.

ನಿಮ್ಮನೆ ಹಣದುಬ್ಬರ ನೀನೇ ಲೆಕ್ಕ ಹಾಕ್ಬೋದು. ಆ್ಯಪ್‌ನಲ್ಲಿ ಹಳೇ ಆರ್ಡರ್ ಇರುತ್ತೆ. ಹೋದ ವರ್ಷದ್ದು, ಈ ವರ್ಷದ್ದು, ಅದೇ ತಿಂಗಳು ತೆಗಿ. ಹಬ್ಬ ಇದ್ದ ತಿಂಗಳು, ನೆಂಟರು ಬಂದಿದ್ದ ತಿಂಗಳು ಬೇಡ. ಬಿಲ್ ಮೊತ್ತ ಹೋಲಿಸ್ಬೇಡ, ಅಲ್ಲೇ ಎಲ್ಲರೂ ಎಡವೋದು. ದಿನಾ ಬಳಸೋ ಹತ್ತು ಸಾಮಾನು ಬರ್ಕೋ, ತಿಂಗಳಿಗೆ ಬೇಕಾಗೋ ಅಳತೆ ಒಂದೇ ಇಟ್ಕೊಂಡು ಎರಡೂ ರೇಟಲ್ಲಿ ಗುಣಿಸಿ ಕೂಡು. ಎರಡು ಮೊತ್ತದ ವ್ಯತ್ಯಾಸನ ಹಳೇ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ ಅದೇ ನಿಮ್ಮನೆ ಪರ್ಸೆಂಟ್. ತರಕಾರಿಗೆ ಹಾಪ್‌ಕಾಮ್ಸ್ ಅಂಗಡಿ ಬೋರ್ಡ್ ರೇಟು ಸಾಕು, ಗಾಡಿ ಹತ್ರ ಚೌಕಾಸಿ ಮಾಡಿ ತಂದ ರೇಟು ದಿನಕ್ಕೊಂದು ಥರ.

ಕರೆಂಟ್ ಒಂದು ಮರೆತಿದ್ದೆ. ಗೃಹಜ್ಯೋತಿ ಅಂದ್ರೆ ಸರ್ಕಾರದ ಉಚಿತ ಕರೆಂಟ್ ಯೋಜನೆಲಿ, ನಿಮ್ಮನೆಗೆ ಗೊತ್ತುಮಾಡಿರೋ ಉಚಿತ ಯೂನಿಟ್ ಮಿತಿ ದಾಟಿ ತಿಂಗಳಿಗೆ 200 ಯೂನಿಟ್‌ನೊಳಗೆ ಇದ್ರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 201 ಆಯ್ತೋ, ಪೂರ್ತಿ ಬಿಲ್ಲು. 2025-26ರಲ್ಲಿ ದರ ಯೂನಿಟ್‌ಗೆ 5.80 ಇತ್ತು, ಬರೀ ಯೂನಿಟ್ ಲೆಕ್ಕನೇ 1,165 ರೂಪಾಯಿ ದಾಟ್ತಿತ್ತು, ಫಿಕ್ಸೆಡ್ ಚಾರ್ಜು, ತೆರಿಗೆ ಬೇರೆ. ರೀಡಿಂಗ್ ಆಗಿ 20ನೇ ದಿನಕ್ಕೆ ಮೀಟರ್ ನೋಡು. ಅಲ್ಲಿವರೆಗೆ ಉರಿದಿದ್ದು 200ರ ಮೂರನೇ ಎರಡು ಪಾಲು, ಅಂದ್ರೆ 133 ಯೂನಿಟ್ ದಾಟಿದ್ರೆ ಮೊದಲು ಕೈ ಹಾಕ್ಬೇಕಾಗಿರೋದು ಗೀಸರ್‌ಗೆ. 2 ಕಿಲೋವ್ಯಾಟ್‌ದು ಅರ್ಧ ಗಂಟೆ ಉರಿದ್ರೆ ಒಂದು ಯೂನಿಟ್, 15 ಲೀಟರ್ ನೀರು ಕಾಯೋಕೆ 20 ನಿಮಿಷ ಸಾಕು.