ಐಎನ್‌ಎಸ್ ಖುಕ್ರಿ ಕಿಟ್ ಬೇಕು, ಸಣ್ಣ ತಯಾರಕರನ್ನು ಒಪ್ಪಿಸೋದು ಹೇಗೆ?

ಕೊಪ್ಪಳದ ಹಡಗುಪ್ರಿಯ:
ಎಲ್ಲರಿಗೂ ನಮಸ್ಕಾರ. ನನಗೆ 1/350 ಸ್ಕೇಲ್‌ನಲ್ಲಿ, ಅಂದರೆ ನಿಜವಾದ ಹಡಗಿನ 350ರಲ್ಲಿ ಒಂದು ಪಾಲು ಉದ್ದದಲ್ಲಿ, ಖುಕ್ರಿ ಬೇಕು. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ದೀವ್ ಹತ್ತಿರ ಹೊಡೆದು ಮುಳುಗಿಸಿದ ಹಡಗು. 18 ಅಧಿಕಾರಿಗಳು, 176 ನಾವಿಕರು ತೀರಿಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ. ದೀವ್ ಸ್ಮಾರಕದಲ್ಲಿ ಗಾಜಿನೊಳಗೆ ಅದರ ಮಾದರಿ ಇದೆ, ಆದರೆ ಮನೆಯಲ್ಲಿ ಕೂತು ಜೋಡಿಸೋಕೆ ಕಿಟ್ ಕೇಳಿದರೆ ಅಂಗಡಿಯವರು ಜಪಾನಿನ ಯಮಾಟೊ, ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆ ತೋರಿಸುತ್ತಾರೆ. ರೆಸಿನ್ (ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಕಿಟ್ ಮಾಡುವ ಸಣ್ಣ ತಯಾರಕರಿಗೆ ಮೇಲ್ ಹಾಕಿದರೆ "ಯಾರು ತಗೋತಾರೆ?" ಅಂತಲೇ ಉತ್ತರ. ಏನು ಹೇಳಿದರೆ ಒಪ್ಪುತ್ತಾರೆ?

ಬಳ್ಳಾರಿ ರೆಸಿನ್:
ನಾನು ಹಲ್ಲಿನ ಲ್ಯಾಬ್‌ಗಳಿಗೆ ರೆಸಿನ್ ಪ್ರಿಂಟ್ ಮಾಡಿಕೊಡುವವನು, ಹಾಗಾಗಿ ಮಾಡುವವರ ಕಡೆಯಿಂದ ಹೇಳುತ್ತೇನೆ. ಖರ್ಚೆಲ್ಲ ಮೊದಲ ಕಾಪಿಗೇ. ನಕ್ಷೆ ಹುಡುಕಿ, ಕಂಪ್ಯೂಟರ್‌ನಲ್ಲಿ ಬಿಡಿಸಿ, ಮಾಸ್ಟರ್ (ಅಚ್ಚು ತೆಗೆಯೋಕೆ ಬೇಕಾದ ಮೂಲ ಮಾದರಿ) ತೆಗೆದು ಉಜ್ಜಿ ತಿದ್ದೋದರಲ್ಲೇ ತಿಂಗಳುಗಟ್ಟಲೆ ಹೋಗುತ್ತದೆ, ಆಮೇಲೆ ಸಿಲಿಕಾನ್ ಅಚ್ಚು ಮಾಡಿದರೂ ಕೆಲವು ಡಜನ್ ಎರಕಕ್ಕೇ ಅದು ಸವೆದು ಹರಿಯುತ್ತದೆ. ರೇಲಿಂಗ್ ಅಂತೂ ಪ್ರಿಂಟ್ ಆಗಲ್ಲ. ಒಂದು ಮೀಟರ್ ಎತ್ತರದ ರೇಲಿಂಗ್ ಈ ಸ್ಕೇಲ್‌ನಲ್ಲಿ 3 ಮಿಲಿಮೀಟರ್‌ಗೂ ಕಮ್ಮಿ, ಅದರ ತಂತಿ ಕೂದಲಿಗಿಂತ ಸಣ್ಣ. ಅದಕ್ಕೆ ಹಿತ್ತಾಳೆ ಹಾಳೆಯನ್ನು ಆಸಿಡ್‌ನಲ್ಲಿ ಕೊರೆಸಬೇಕು, ಅದು ಬೇರೆ ಖರ್ಚು. ಸುಮ್ನೆ "ಮಾಡಿ ಸಾರ್, ಚೆನ್ನಾಗಿರುತ್ತೆ" ಅಂದರೆ ಯಾರೂ ಕೈ ಹಾಕಲ್ಲ. ನಕ್ಷೆ, ಫೋಟೋ ನೀವೇ ಕೂಡಿಸಿ ಕೊಡಿ. ಅಡ್ವಾನ್ಸ್ ಕಟ್ಟೋ ಹತ್ತಿಪ್ಪತ್ತು ಜನರ ಪಟ್ಟಿ ಕೊಡಿ. ರೇಟಿಗೆ ಚೌಕಾಸಿ ಬೇಡ.

ರಾಯಚೂರು ಡ್ರೈಡಾಕ್:
ಮೇಲಿನದಕ್ಕೆ ನನ್ನ ಓಟು. ಇನ್ನೊಂದು ಮಾತು, ಖುಕ್ರಿ ಅಂತ ಮಾತ್ರ ಕೇಳಬೇಡಿ. ಅದು ಬ್ರಿಟಿಷರ ಟೈಪ್ 14, ಬ್ಲ್ಯಾಕ್‌ವುಡ್ ದರ್ಜೆ. ಅವರಿಗೆ 12 ಹಡಗು, ನಮಗೆ ಖುಕ್ರಿ, ಕಿರ್ಪಾಣ್, ಕುಠಾರ್ ಅಂತ 3. ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಒಡಲು ಒಂದೇ, ನಂಬರ್ ಡೆಕಾಲ್ (ಅಂಟಿಸುವ ಚಿತ್ರ) ಬದಲಾಯಿಸಿದರೆ ಸಾಕು. ಐಸ್‌ಲ್ಯಾಂಡ್ ಜೊತೆ ಮೀನು ಹಿಡಿಯೋ ಹಕ್ಕಿಗಾಗಿ ಬ್ರಿಟಿಷರು ಆಡಿದ ಜಗಳದಲ್ಲಿ ಇದೇ ದರ್ಜೆಯ ರಸೆಲ್, ಪ್ಯಾಲಿಸರ್ ಇದ್ದವು, ಅವುಗಳ ಮೇಲೆ ಪ್ರಾಣ ಇಟ್ಟಿರೋ ಮಾಡೆಲ್‌ನವರು ಬ್ರಿಟನ್ನಿನಲ್ಲಿ ಜಾಸ್ತಿ. ಭಾರತದ ಒಂದು ಹಡಗು ಅಂದರೆ ತಯಾರಕ ಹಿಂಜರಿಯುತ್ತಾನೆ, ಒಂದೇ ಅಚ್ಚಿನಲ್ಲಿ ಹದಿನೈದು ಹಡಗು ಅಂದರೆ ಲೆಕ್ಕ ಹಾಕೋಕೆ ಕೂರುತ್ತಾನೆ. ಬ್ರಿಟಿಷ್ ಹಡಗುಗಳ ಹಳೆಯ ನಕ್ಷೆಗಳು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿವೆ, ಅಲ್ಲಿ ವಿಚಾರಿಸಿ.

ಗಂಗಾವತಿಯ ಗೆಳತಿ:
ದೊಡ್ಡದಾಗಿ ಬೇಕಾದರೆ ನಿಮ್ಮ ಪಕ್ಕದಲ್ಲೇ ಮರದ ಗೊಂಬೆ ಮಾಡುವವರ ಊರು ಕಿನ್ನಾಳ ಇದೆಯಲ್ವಾ? ಹಗುರ ಮರ ಕೆತ್ತಿ, ಮೇಲೆ ಬಟ್ಟೆ, ಹುಣಸೆ ಬೀಜದ ಅಂಟು ಹಚ್ಚಿ ನುಣುಪು ಮಾಡೋ ಕೈ ಅವರದು. 1/100ರಲ್ಲಿ ಖುಕ್ರಿ ಸುಮಾರು 94 ಸೆಂಟಿಮೀಟರ್ ಬರುತ್ತದೆ, ಆ ಒಡಲನ್ನು ಅವರು ಚೆನ್ನಾಗಿ ತೆಗೆಯುತ್ತಾರೆ ಅಂತ ನನ್ನ ನಂಬಿಕೆ. ಆದರೆ ಫೋಟೋ ತೋರಿಸಿ ಬರಬೇಡಿ. ಅಡ್ಡಕೊಯ್ತದ ಆಕಾರಗಳನ್ನು ರಟ್ಟಿನಲ್ಲಿ ಕತ್ತರಿಸಿ ಕೊಡಿ, ಮರಕ್ಕೆ ಇಟ್ಟು ನೋಡುತ್ತಾ ಕೆತ್ತಬಹುದು. ಆಟಿಕೆ ರೇಟ್ ಕೇಳಬೇಡಿ, ದಿನದ ಲೆಕ್ಕದಲ್ಲಿ ಕೂಲಿ ಕೊಡಿ.

ಕೊಪ್ಪಳದ ಹಡಗುಪ್ರಿಯ:
ಅಕ್ಕಾ, ರಟ್ಟಿನ ಉಪಾಯ ಬಹಳ ಚೆನ್ನಾಗಿದೆ, ಆದರೆ ಅಷ್ಟುದ್ದದ ಹಡಗು ಇಡೋಕೆ ಮನೆಯಲ್ಲಿ ಜಾಗ ಇಲ್ಲ. 1/350ಕ್ಕೆ 27 ಸೆಂಟಿಮೀಟರ್, ಅದೇ ಸರಿ. ರಾಯಚೂರಿನ ಅಣ್ಣ ಹೇಳಿದ ಹದಿನೈದು ಹಡಗಿನ ಮಾತನ್ನೇ ಹೊಸ ಮೇಲ್‌ನ ಮೊದಲ ಸಾಲು ಮಾಡುತ್ತೇನೆ. ಬಳ್ಳಾರಿ ಅಣ್ಣ, ನಕ್ಷೆ ಸಿಕ್ಕರೆ ಮಾಸ್ಟರ್ ನೀವೇ ತೆಗೆಯುತ್ತೀರಾ? ಅಡ್ವಾನ್ಸ್ ಕೊಡೋಕೆ ತಯಾರಿರುವವರು ಖುಕ್ರಿನೋ, ಕಿರ್ಪಾಣೋ, ಯಾವುದು ಬೇಕು ಅಂತ ಕೆಳಗೆ ಬರೆಯಿರಿ.